ಅಪಾಯದ ಅರಿವು: ಹಾಸನ ಸೀಮೆಯೂ ಸುರಕ್ಷತೆಯ ನಿಯಮಗಳೂ



ಲೋಕಕ್ಕೆ ಉಪಯುಕ್ತವಾದ ವಿಷಯವೊಂದನ್ನು ಜನಸಾಮಾನ್ಯರ ಮುಂದೆ ಅವರ ಮಾತಿನಲ್ಲಿಯೇ ಇರಿಸಬೇಕೆಂಬ ದಾನಿಗಳ ಸದಾಶಯದಿಂದ ಏರ್ಪಟ್ಟಿರುವ ಈ ದತ್ತಿಯ ಉಪನ್ಯಾಸಕ್ಕೆ, ಅಪಾಯಕಾರಿ ದ್ರವ್ಯಗಳನ್ನು ಮಹಾಪ್ರಮಾಣದಲ್ಲಿ ಕೂಡಿಡುವ ಸ್ಥಳಗಳು ಪಾಲಿಸತಕ್ಕ ನಿಯಮಗಳನ್ನು ನಾನು ವಿಷಯವಾಗಿ ಆರಿಸಿಕೊಂಡಿದ್ದೇನೆ. ಹೇಮಾವತಿಯ ನೀರಿನಿಂದ ಬತ್ತವನ್ನೂ ಮುಂಗಾರಿನ ಮಳೆಯಿಂದ ಆಲೂಗೆಡ್ಡೆಯನ್ನೂ ಬೆಳೆಯುವ ಈ ಸೀಮೆಗೆ ಇಂಥ ವಿಚಾರವೇಕೆಂದು ಯಾರಿಗಾದರೂ ತೋರುವುದಾದರೆ, ಅವರು ನಮ್ಮ ನೆಲದ ಕೆಳಗೂ ಮೇಲೂ ಈಗ ಏನೇನು ಹರಿಯುತ್ತಿದೆಯೆಂಬುದನ್ನು ಒಮ್ಮೆ ಎಣಿಸಿ ನೋಡಬೇಕು.

ನಮ್ಮ ಸೀಮೆಯ ಸ್ಥಿತಿ

ಮಂಗಳೂರಿನಿಂದ ಹೊರಟ ಪೆಟ್ರೋಲು ಡೀಸೆಲುಗಳು ಪಶ್ಚಿಮಘಟ್ಟವನ್ನೇರಿ, ಹಾಸನವನ್ನು ಹಾದು, ಬೆಂಗಳೂರಿನ ಬಳಿಯ ದೇವನಗೊಂದಿಯವರೆಗೆ ಸುಮಾರು 360 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಹರಿಯುತ್ತಿವೆ. ಅಡುಗೆ ಅನಿಲವನ್ನು ಹಾಸನದ ಮೂಲಕ ಮೈಸೂರು, ಸೋಲೂರುಗಳಿಗೆ ಒಯ್ಯುವ ಮತ್ತೊಂದು ಕೊಳವೆಯೂ ಇದೆ. ಶಿರಾಡಿ ಘಟ್ಟವನ್ನೇರಿ ಬರುವ ಟ್ಯಾಂಕರುಗಳು ಹಾಸನ, ಚನ್ನರಾಯಪಟ್ಟಣಗಳ ಮಗ್ಗುಲಲ್ಲೇ ಸಾಗುತ್ತವೆ. ಬಿತ್ತನೆಯ ಆಲೂಗೆಡ್ಡೆಯನ್ನು ಕಾಪಿಡುವ ಶೀತಲಗೃಹಗಳಿಗೂ ಹಾಲಿನ ಡೇರಿಗಳಿಗೂ ತಂಪನ್ನೀಯುವುದು ಸಾಮಾನ್ಯವಾಗಿ ಅಮೋನಿಯಾ. ಪಟ್ಟಣಗಳ ಕುಡಿಯುವ ನೀರನ್ನು ಶುದ್ಧಿಮಾಡುವುದು ಹೆಚ್ಚಾಗಿ ಕ್ಲೋರಿನ್. ಹೊಳೆನರಸೀಪುರದ ಕಲ್ಲುಗಣಿಗಳಿಗೆ ಬೇಕಾದುದು ಸ್ಫೋಟಕ. ಅರಕಲಗೂಡಿನ ಹೊಗೆಸೊಪ್ಪಿನ ರೈತನಿಗೆ ಬೇಕಾದುದು ಕೀಟನಾಶಕ.

ಇವೆಲ್ಲವೂ ನಮ್ಮ ಅನ್ನಕ್ಕೂ ಉದ್ಯೋಗಕ್ಕೂ ಆಧಾರವಾದುವು. ಇವನ್ನು ಬಿಟ್ಟು ಬಾಳುತ್ತೇವೆಂಬುದು ಆಗದ ಮಾತು. ಆದರೆ 2013ರ ಏಪ್ರಿಲಿನಲ್ಲಿ ಶಿರಾಡಿ ಘಟ್ಟದ ಇದೇ ಹೆದ್ದಾರಿಯ ಪೆರ್ನೆಯಲ್ಲಿ ಅನಿಲದ ಟ್ಯಾಂಕರು ಮಗುಚಿ ದಾರಿಬದಿಯ ಮನೆಗಳನ್ನೂ ಜನರನ್ನೂ ಸುಟ್ಟುದನ್ನು, 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿಯೂ ಮರುತಿಂಗಳು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿಯೂ ಕಲ್ಲುಗಣಿಯ ಸ್ಫೋಟಕಗಳು ಸಿಡಿದು ಪ್ರಾಣಗಳು ಹೋದುದನ್ನು ಕಂಡ ಮೇಲೂ, ಆಪತ್ತು ಬೇರೆ ಊರಿನವರ ಪಾಲಿನದೆಂದು ನೆಮ್ಮದಿಯಿಂದಿರುವುದು ವಿವೇಕವಲ್ಲ.

ನಿಯಮಗಳ ಹುಟ್ಟು

ಸುರಕ್ಷತೆಯ ನಿಯಮಗಳು ಹುಟ್ಟಿದುದು ಸ್ಮಶಾನಗಳ ಪಕ್ಕದಲ್ಲಿ. ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ 1974ರಲ್ಲಿ 28 ಮಂದಿ ಕಾರ್ಖಾನೆಯ ಸ್ಫೋಟದಲ್ಲಿ ಮಡಿದ ಬಳಿಕ, ಇಟಲಿಯ ಸೆವೆಸೊದ ಮೇಲೆ 1976ರಲ್ಲಿ ವಿಷದ ಮೋಡ ಕವಿದ ಬಳಿಕ, 1982ರಲ್ಲಿ ಯೂರೋಪು ಎಚ್ಚೆತ್ತು ನಿಯಮಗಳನ್ನು ರಚಿಸಿತು. ನಾವು ಎಚ್ಚರಗೊಂಡುದು 1984ರ ಡಿಸೆಂಬರು 2ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೊಸಯನೇಟು ಎಂಬ ವಿಷಾನಿಲವು ಸಾವಿರಾರು ಜನರನ್ನು ಕೊಂದ ಮೇಲೆ. ಆ ದುರಂತದಿಂದಲೇ 1986ರ ಪರಿಸರ ಸಂರಕ್ಷಣಾ ಕಾಯಿದೆಯೂ, 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಸೇರಿದ ಹೊಸ ಅಧ್ಯಾಯವೂ, ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹಣೆ ಮತ್ತು ಆಮದನ್ನು ಕುರಿತ 1989ರ ನಿಯಮಗಳೂ ಹೊರಟುವು.

ನಿಯಮಗಳ ತಿರುಳು

1989ರ ಈ ನಿಯಮಗಳು ದ್ರವ್ಯಕ್ಕೊಂದು ಪ್ರಮಾಣವನ್ನು ಗೊತ್ತುಮಾಡುತ್ತವೆ. ಅಮೋನಿಯಾ 60 ಟನ್ನು, ಕ್ಲೋರಿನ್ 10 ಟನ್ನು ಮುಟ್ಟುವ ಸ್ಥಳವು ಕೆಲಸವನ್ನು ಆರಂಭಿಸುವುದಕ್ಕೆ ಮೂರು ತಿಂಗಳು ಮುಂಚಿತವಾಗಿ ಅಧಿಕಾರಿಗಳಿಗೆ ತಿಳಿಸತಕ್ಕದ್ದು. ಆವರಣದೊಳಗಿನ ತುರ್ತುಯೋಜನೆಯನ್ನು ರಚಿಸಿ ಆರು ತಿಂಗಳಿಗೊಮ್ಮೆ ಅಣಕು ಪ್ರದರ್ಶನ ನಡೆಸತಕ್ಕದ್ದು. ಆವರಣದ ಹೊರಗಿನ ಯೋಜನೆಯ ಹೊಣೆಯನ್ನು ಜಿಲ್ಲಾಡಳಿತವು ಹೊತ್ತು ವರ್ಷಕ್ಕೊಮ್ಮೆಯಾದರೂ ಅದನ್ನು ಪರೀಕ್ಷಿಸಿ ನೋಡತಕ್ಕದ್ದು. ಅಮೋನಿಯಾ 600 ಟನ್ನನ್ನೂ ಕ್ಲೋರಿನ್ 25 ಟನ್ನನ್ನೂ ಮುಟ್ಟಿದರೆ ಸುರಕ್ಷತಾ ವರದಿಯೂ, ಆ ಸ್ಥಳಕ್ಕೆ ಸಂಬಂಧಪಡದ ತಜ್ಞನಿಂದ ವರ್ಷಂಪ್ರತಿ ತಪಾಸಣೆಯೂ ಕಡ್ಡಾಯ. ಮಹಾ ಅಪಘಾತವಾದರೆ 48 ಗಂಟೆಗಳೊಳಗೆ ಅಧಿಕಾರಿಗಳಿಗೆ ತಿಳಿಸಿ, ಬಳಿಕ ವರದಿ ಸಲ್ಲಿಸತಕ್ಕದ್ದು.

ಇಷ್ಟನ್ನು ಕೇಳಿದವರು, ಇದೆಲ್ಲ ಕಡತದ ವ್ಯವಹಾರವೆಂದು ತಿಳಿಯಬಾರದು. ಈ ಉಪಬಂಧಗಳನ್ನು ಒಂದಾಗಿ ಓದಿದಾಗ ಕಾಣುವ ಆಶಯ ಒಂದೇ: ಅಪಾಯವನ್ನು ಬಲ್ಲವನು ಅದರ ಸನಿಹದಲ್ಲಿ ಬಾಳುವವನಿಗೆ, ಅವಘಡಕ್ಕೆ ಮುನ್ನ, ಅದನ್ನು ತಿಳಿಸಲೇಬೇಕು. ಕಾರ್ಮಿಕನಿಗೆ ಮಾಹಿತಿಯನ್ನೂ ಶಿಕ್ಷಣವನ್ನೂ ಸಾಧನವನ್ನೂ ಕೊಡುವ ಹೊಣೆ, ಆಡಳಿತವೂ ಕಾರ್ಮಿಕರೂ ಸರಿಸಮನಾಗಿ ಕೂಡುವ ಸುರಕ್ಷತಾ ಸಮಿತಿ, ಸನ್ನಿಹಿತವಾದ ಅಪಾಯವನ್ನು ಎತ್ತಿ ಹೇಳಲು ಕಾರ್ಮಿಕನಿಗಿತ್ತ ಹಕ್ಕು, ನೆರೆಹೊರೆಯವರಿಗೆ ವಿಷಯವನ್ನು ತಿಳಿಸಬೇಕೆಂಬ ವಿಧಿ, ಇವೆಲ್ಲ ಆ ಆಶಯದ ಶಾಖೆಗಳು. ಭೋಪಾಲದ ಆ ರಾತ್ರಿ ಓಡಿದ ಜನರಿಗೆ ತಮ್ಮನ್ನು ಅಟ್ಟಿದ ಅನಿಲ ಯಾವುದೆಂದು ತಿಳಿದಿರಲಿಲ್ಲ. ಆಸ್ಪತ್ರೆಯ ವೈದ್ಯರಿಗೂ ಅದಕ್ಕೆ ತಕ್ಕ ಚಿಕಿತ್ಸೆ ತಿಳಿದಿರಲಿಲ್ಲ. ವಿಷದಷ್ಟೇ ಅಜ್ಞಾನವೂ ಕೊಂದಿತು.

ಪ್ರಮಾಣವೂ ಪ್ರಾಣವೂ

ಯಾವ ಅನಿಲವೆಂಬ ಅರಿವು ಪ್ರಾಣವನ್ನುಳಿಸುವ ಬಗೆಯನ್ನು ನೋಡಿ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದುದರಿಂದ ತಗ್ಗಿಗೆ ಇಳಿಯುತ್ತದೆ. ಅದರಿಂದ ಪಾರಾಗಲು ಗಾಳಿಗೆ ಅಡ್ಡಲಾಗಿ ಸರಿದು ಎತ್ತರವನ್ನೇರಬೇಕು. ಅಮೋನಿಯಾ ನೀರಿನಲ್ಲಿ ಬಲುಬೇಗ ಕರಗುವುದರಿಂದ ಮೂಗುಬಾಯಿಗಳಿಗೆ ಹಿಡಿದ ಒದ್ದೆಬಟ್ಟೆ ಕ್ಷಣಕಾಲ ಆಸರೆಯಾಗಬಲ್ಲುದು. ಅಡುಗೆ ಅನಿಲ ಸೋರಿ ಚರಂಡಿಗಳಲ್ಲಿ ಮಡುಗಟ್ಟಿರುವಾಗ ಒಂದು ಕಿಡಿಯೇ ಸಾಕು. ಅಲ್ಲಿ ವಾಹನವನ್ನು ಚಾಲೂಮಾಡುವುದೂ ಮರಣಕ್ಕೆ ಆಹ್ವಾನ.

ಇನ್ನೂ ಒಂದು ಸೂಕ್ಷ್ಮವುಂಟು. ನೀರು ಶುದ್ಧೀಕರಣದಲ್ಲಿ ಬಳಸುವ ದೊಡ್ಡ ಸಿಲಿಂಡರಿನಲ್ಲಿ ಸುಮಾರು 900 ಕಿಲೋಗ್ರಾಂ ಕ್ಲೋರಿನ್ ಇರುತ್ತದೆ. ಒಂದೆರಡು ಸಿಲಿಂಡರುಗಳಿರುವ ಚಿಕ್ಕ ಪಟ್ಟಣದ ನೀರಿನ ಮನೆ 10 ಟನ್ನಿನ ಮಿತಿಯನ್ನು ಎಂದೂ ಮುಟ್ಟದು, ಶೀತಲಗೃಹದ ಅಮೋನಿಯಾವೂ ಸಾಮಾನ್ಯವಾಗಿ 60 ಟನ್ನಿನ ಬಹು ಕೆಳಗೇ ನಿಲ್ಲುವುದು. ಆದರೆ ಟನ್ನುಗಳ ಗೆರೆಯನ್ನು ಎಳೆದವರು ಆಡಳಿತದ ಅನುಕೂಲಕ್ಕಾಗಿ ಎಳೆದರೇ ಹೊರತು, ಆ ಗೆರೆಯ ಕೆಳಗೆ ನಿಂತವನ ಶ್ವಾಸಕೋಶಕ್ಕೆ ಅಭಯವನ್ನು ಕೊಡಲಿಲ್ಲ. ಆದುದರಿಂದ ಮಿತಿಯನ್ನು ಮೀರಿದವರು ವಿಧಿಯೆಂದು ಮಾಡುವುದನ್ನು, ಮಿತಿಯೊಳಗಿನವರು ಧರ್ಮವೆಂದು ಮಾಡಬೇಕು.

ನಮ್ಮ ಕರ್ತವ್ಯ

ಕಾರ್ಖಾನೆಗಳ ಕಾಯಿದೆಯನ್ನು 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ತನ್ನಲ್ಲಿ ಸೇರಿಸಿಕೊಂಡಿದೆ. ಶಾಸನದ ಹೆಸರು ಬದಲಾದರೂ ಹೊಣೆ ಬದಲಾಗುವುದಿಲ್ಲ. ಮಾಲೀಕರು ತಮ್ಮಲ್ಲಿರುವ ದ್ರವ್ಯದ ಹೆಸರು, ಪ್ರಮಾಣ, ಪರಿಹಾರಗಳನ್ನು ಅಚ್ಚಗನ್ನಡದಲ್ಲಿ ಬರೆಯಿಸಿ ಬಾಗಿಲಲ್ಲಿ ತೂಗುಹಾಕಲಿ. ಗುತ್ತಿಗೆಯ ಕೂಲಿಯವನಿಗೂ ಖಾಯಂ ನೌಕರನಷ್ಟೇ ಶಿಕ್ಷಣ ಸಲ್ಲಲಿ. ಕೊಳವೆಯ ಹಾದಿಯ ಗ್ರಾಮಪಂಚಾಯತಿಗಳು ಭೂಮಿಯನ್ನಗೆಯುವ ಮೊದಲು ಸಂಬಂಧಪಟ್ಟವರಿಗೆ ತಿಳಿಸುವ ನಡವಳಿಕೆಯನ್ನು ರೂಢಿಸಿಕೊಳ್ಳಲಿ. ನಮ್ಮ ಸೀಮೆಯ ಸರಕಾರಿ ಆಸ್ಪತ್ರೆಗಳೂ ಅಗ್ನಿಶಾಮಕ ಠಾಣೆಗಳೂ ತಮ್ಮ ಸುತ್ತಲಿನ ದ್ರವ್ಯಗಳ ಪಟ್ಟಿಯನ್ನೂ ಚಿಕಿತ್ಸಾಕ್ರಮವನ್ನೂ ಕೈಗೆಟುಕುವಲ್ಲಿ ಇಟ್ಟುಕೊಳ್ಳಲಿ. ನಾಗರಿಕರಾದ ನಾವು ಅಣಕು ಪ್ರದರ್ಶನದ ದಿನ ದೂರದಲ್ಲಿ ನಿಂತು ನೋಡುವ ಬದಲು ಅದರಲ್ಲಿ ಪಾತ್ರವಹಿಸೋಣ. ವರ್ಷ ಕಳೆದರೂ ಅದು ನಡೆಯದಿದ್ದಲ್ಲಿ ಏಕೆ ನಡೆಯಲಿಲ್ಲವೆಂದು ಲಿಖಿತವಾಗಿ ಕೇಳೋಣ. ಹಾಗೆ ಕೇಳುವವರು ಊರಿಗೊಬ್ಬರಿದ್ದರೂ ನಿಯಮಗಳು ಕಡತದಿಂದ ಹೊರಬಂದು ಕೆಲಸಮಾಡತೊಡಗುವುವು.