ಸಂತರ ಸಂಜೆಗೆ ಮನೆಯಲ್ಲೇ ಒಂದು ದೀಪ, ಒಂದು ತಿಂಡಿ

(ಸಕಲ ಸಂತರ ಮಹೋತ್ಸವದ ಮುನ್ನಾದಿನ, ಅಕ್ಟೋಬರ್ 31ರ ಸಂಜೆಯ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಕಳೆದ ವರ್ಷ ಇದೇ ಸಂಜೆ, ಇದೇ ಜಾಗದಲ್ಲಿ ನಿಂತು ನಾವು ಆಡಿದ ಒಂದು ಮಾತನ್ನು ಇಂದು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಪ್ರಬೋಧನೆಯನ್ನು ಹೀಗೆ ಆರಂಭಿಸುವುದು ವಾಡಿಕೆಯಲ್ಲ. ಆದರೆ ಅದನ್ನು ಹೇಳದೆ ಮುಂದಿನದನ್ನು ಹೇಳಲು ನಮಗೆ ಬಾಯಿ ಬರುವುದಿಲ್ಲ.

ಹ್ಯಾಲೋವೀನ್ ಎಂಬ ಹೆಸರು ಈಗ ನಮ್ಮ ಮಕ್ಕಳಿಗೂ ಗೊತ್ತು. ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳು ದೆವ್ವದ ವೇಷ ಹಾಕಿಕೊಂಡು ಬಾಗಿಲು ತಟ್ಟಿ ಚಾಕಲೇಟು ಕೇಳುತ್ತಾರೆ. ಅಂಗಡಿಗಳಲ್ಲಿ ಪ್ಲಾಸ್ಟಿಕ್ಕಿನ ಅಸ್ಥಿಪಂಜರ, ರಬ್ಬರಿನ ಜೇಡ, ರಕ್ತ ಸುರಿಯುವ ಮುಖವಾಡಗಳು ತೂಗಾಡುತ್ತವೆ. ಹೊರದೇಶದಲ್ಲಿರುವ ಮಗಳೋ ಮಗನೋ ಮೊಮ್ಮಕ್ಕಳ ಫೋಟೊ ಕಳುಹಿಸಿದರೆ, ಅದರಲ್ಲೂ ಬಾಗಿಲ ಮುಂದೆ ಹಲ್ಲು ಕಿರಿಯುವ ಕುಂಬಳಕಾಯಿ. ಇದನ್ನೆಲ್ಲ ಕಂಡು ನಮಗೆ ಸಿಟ್ಟು ಬಂದಿತ್ತು. ಇದು ಸೈತಾನನ ಹಬ್ಬ, ಸತ್ತವರು ದೆವ್ವಗಳಾಗಿ ತಿರುಗಾಡುವ ರಾತ್ರಿ, ನಮ್ಮ ಮನೆಗಳಿಗೆ ಇದು ಬೇಡವೇ ಬೇಡ ಎಂದು ಗಟ್ಟಿ ದನಿಯಲ್ಲಿ ಹೇಳಿದೆವು. ಹಲವರು ಹೊರಗೆ ಬಂದು, ಚೆನ್ನಾಗಿ ಹೇಳಿದಿರಿ ಫಾದರ್ ಎಂದು ಹೊಗಳಿದರು ಕೂಡ.

ವಾರ ಕಳೆದ ಮೇಲೆ ಒಬ್ಬ ತಾಯಿ ಕಚೇರಿಗೆ ಬಂದರು. ಆ ವರ್ಷ ಆಗಸ್ಟಿನಲ್ಲಿ ಅವರ ಅತ್ತೆ ತೀರಿಹೋಗಿದ್ದರು. ಏಳು ವರ್ಷದ ಮಗಳು ಹುಟ್ಟಿದಾಗಿನಿಂದ ಅಜ್ಜಿಯ ಮಂಚದಲ್ಲೇ ಮಲಗುತ್ತಿದ್ದವಳು. ನಮ್ಮ ಮಾತು ಕೇಳಿದ ರಾತ್ರಿಯಿಂದ ಆ ಮಗು ಅಜ್ಜಿಯ ಕೋಣೆಗೆ ಕಾಲಿಟ್ಟಿರಲಿಲ್ಲ. ನವೆಂಬರ್ 2ರಂದು ಎಲ್ಲರೂ ಸಮಾಧಿಗೆ ಹೂ ಇಡುವಾಗ ಅವಳು ಗೇಟಿನ ಹೊರಗೆ ಅಪ್ಪನ ಕೈ ಹಿಡಿದು ನಿಂತಿದ್ದಳಂತೆ. ಮನೆಗೆ ಬಂದು ಕೇಳಿದಳಂತೆ: "ಅಮ್ಮಾ, ಅಜ್ಜಿ ಈಗ ದೆವ್ವ ಆಗಿದ್ದಾರಾ? ರಾತ್ರಿ ಬಂದು ಬಾಗಿಲು ತಟ್ತಾರಾ?"

ಆ ತಾಯಿ ನಮ್ಮನ್ನು ದೂರಲಿಲ್ಲ. "ನೀವು ಹೇಳಿದ್ದು ತಪ್ಪು ಅಂತಲ್ಲ ಫಾದರ್, ಅವಳಿಗೆ ಏನು ಹೇಳಲಿ, ಅಷ್ಟು ಹೇಳಿಕೊಡಿ" ಎಂದರು. ಗುರುಮಠದಲ್ಲಿ ವರ್ಷಗಟ್ಟಲೆ ದೈವಶಾಸ್ತ್ರ ಓದಿದ ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಸಂತರ ಅನ್ಯೋನ್ಯತೆಯನ್ನು ಬಾಯಿತುಂಬ ಹೇಳುವ ನಾವೇ, ಜಪಸರ ಹಿಡಿದು ಸತ್ತ ಒಬ್ಬ ಅಜ್ಜಿಯನ್ನು ದೆವ್ವಗಳ ಸಾಲಿಗೆ ಸೇರಿಸಿಬಿಟ್ಟಿದ್ದೆವು.

ಆಮೇಲೆ ಕುಳಿತು ಓದಿದೆವು. ಮೊದಲೇ ಓದಬೇಕಿತ್ತು. ಹ್ಯಾಲೋ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಸಂತ. ಹ್ಯಾಲೋವೀನ್ ಎಂದರೆ ಸಂತರ ಸಂಜೆ, ಅಂದರೆ ನಾವೀಗ ಕುಳಿತಿರುವ ಇದೇ ಸಂಜೆ. ಎಂಟನೆಯ ಶತಮಾನದಲ್ಲಿ ಮೂರನೆಯ ಗ್ರೆಗರಿ ಪೋಪರು ರೋಮಿನ ಸಂತ ಪೇತ್ರರ ದೇವಾಲಯದಲ್ಲಿ ಸಕಲ ಸಂತರಿಗಾಗಿ ಒಂದು ಪ್ರಾರ್ಥನಾಲಯವನ್ನು ಅರ್ಪಿಸಿದರು. ಕ್ರಿ.ಶ. 835ರ ಹೊತ್ತಿಗೆ ನಾಲ್ಕನೆಯ ಗ್ರೆಗರಿ ಪೋಪರ ಕಾಲದಲ್ಲಿ ನವೆಂಬರ್ 1ರ ಹಬ್ಬ ದೇಶದಿಂದ ದೇಶಕ್ಕೆ ಹರಡಿತು. ಮರುದಿನವನ್ನು ಮೃತರ ಸ್ಮರಣೆಗೆ ಮೀಸಲಿಡುವ ಪದ್ಧತಿ ಹತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಸಂತ ಒಡಿಲೋ ಅವರಿಂದ ಬೇರೂರಿತು. ಐರ್ಲೆಂಡಿನಲ್ಲಿ ಇದೇ ಸಮಯಕ್ಕೆ ಚಳಿಗಾಲವನ್ನು ಎದುರುಗೊಳ್ಳುವ ಇನ್ನೂ ಹಳೆಯ ಹಬ್ಬವೊಂದು ಇತ್ತು, ಅದರ ಆಚಾರಗಳು ಇದರೊಳಗೆ ಬೆರೆತವು. ಬೆರೆಯಲಿ ಬಿಡಿ, ನಮ್ಮ ಹಬ್ಬಗಳಲ್ಲೂ ಎಷ್ಟೋ ಬೆರೆತಿವೆ. ಇದು ಸೈತಾನನ ಹುಟ್ಟುಹಬ್ಬ ಎಂದು ಮೊಬೈಲಿನಲ್ಲಿ ಓಡಾಡುವ ಸಂದೇಶಕ್ಕೆ ಮಾತ್ರ ಯಾವ ಆಧಾರವೂ ಇಲ್ಲ. ದಯವಿಟ್ಟು ಅದನ್ನು ಇನ್ನೊಬ್ಬರಿಗೆ ಕಳುಹಿಸಬೇಡಿ.

ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಆ ಕಾಲದ ಅಡುಗೆಮನೆಗಳು. 1955ರಲ್ಲಿ ಧರ್ಮಸಭೆಯ ಪಂಚಾಂಗ ಬದಲಾಗುವ ತನಕ ಅಕ್ಟೋಬರ್ 31 ಉಪವಾಸದ, ಮಾಂಸ ಬಿಡುವ ದಿನವಾಗಿತ್ತು. ಹಾಗಾಗಿ ಐರ್ಲೆಂಡಿನ ಬಡ ಮನೆಗಳಲ್ಲಿ ಅಂದು ಆಲೂಗೆಡ್ಡೆ, ಎಲೆಕೋಸು, ಸೇಬು, ಬೀಜಗಳು. ಬೇಯಿಸಿದ ಆಲೂಗೆಡ್ಡೆ ಮಸೆದು, ಬೆಂದ ಕೋಸಿನ ಸೊಪ್ಪು, ಬಿಸಿ ಹಾಲು, ಬೆಣ್ಣೆ ಸೇರಿಸಿ ಕೋಲ್‌ಕ್ಯಾನನ್ ಎಂಬ ಅಡುಗೆ ಮಾಡುತ್ತಿದ್ದರು. ಬಾರ್ಮ್‌ಬ್ರಾಕ್ ಎಂಬ ಒಣದ್ರಾಕ್ಷಿ ರೊಟ್ಟಿಯೊಳಗೆ ಉಂಗುರ, ನಾಣ್ಯ, ಚಿಂದಿ ಬಟ್ಟೆ ಬಚ್ಚಿಡುತ್ತಿದ್ದರು. ಉಂಗುರ ಸಿಕ್ಕವರಿಗೆ ಮದುವೆ, ನಾಣ್ಯ ಸಿಕ್ಕವರಿಗೆ ಹಣ, ಚಿಂದಿ ಸಿಕ್ಕವರಿಗೆ ಬಡತನ ಎಂದು ತಮಾಷೆ. ಮನೆಯಲ್ಲಿ ಮಾಡುವವರು ನಾಣ್ಯದ ಗೊಡವೆಗೆ ಹೋಗಬೇಡಿ, ಮಕ್ಕಳು ನುಂಗಿಯಾರು. ಒಂದು ಇಡೀ ಬಾದಾಮಿ ಸಾಕು.

ಇಂಗ್ಲೆಂಡಿನಲ್ಲಿ, ಅದರಲ್ಲೂ ಚೆಶೈರ್, ಶ್ರಾಪ್‌ಶೈರ್ ಪ್ರಾಂತ್ಯಗಳಲ್ಲಿ, ಇನ್ನೊಂದು ತಿಂಡಿ ಇತ್ತು. ಅದಕ್ಕೆ ಸೋಲ್ ಕೇಕ್, ಅಂದರೆ ಆತ್ಮಗಳ ಕೇಕ್ ಎಂದು ಹೆಸರು. ಅಂಗೈಯಗಲದ ಗುಂಡನೆಯ ಬಿಸ್ಕತ್ತಿನಂಥದ್ದು, ಮೇಲೆ ಶಿಲುಬೆಯ ಗೆರೆ. ಬಡವರೂ ಮಕ್ಕಳೂ ಮನೆಮನೆಗೆ ಹೋಗಿ ಹಾಡಿ ಅದನ್ನು ಕೇಳುತ್ತಿದ್ದರು. ಕೊಟ್ಟ ಮನೆಯಲ್ಲಿ ತೀರಿಹೋದವರಿಗಾಗಿ ಪ್ರಾರ್ಥಿಸುತ್ತಿದ್ದರು. ಹದಿನಾರನೆಯ ಶತಮಾನದ ಸುಧಾರಣೆಯ ನಂತರ ಆ ದೇಶದ ದೇವಾಲಯಗಳಲ್ಲಿ ಮೃತರಿಗಾಗಿ ಪ್ರಾರ್ಥಿಸುವುದನ್ನು ನಿಲ್ಲಿಸಲಾಯಿತು. ಆದರೂ ಕೇಕು ಮಾಡುವುದು, ಮಕ್ಕಳು ಬಾಗಿಲಿಗೆ ಬರುವುದು ಹತ್ತೊಂಬತ್ತನೆಯ ಶತಮಾನದವರೆಗೂ ನಡೆದೇ ಇತ್ತು. ಗಮನಿಸಿ ಮಕ್ಕಳೇ, ಅಂದು ಬಾಗಿಲಿಗೆ ಬಂದ ಹುಡುಗ ಯಾರನ್ನೂ ಹೆದರಿಸಲು ಬಂದವನಲ್ಲ. ತಿಂಡಿ ತೆಗೆದುಕೊಂಡು ಆ ಮನೆಯ ಅಜ್ಜ ಅಜ್ಜಿಯ ಹೆಸರನ್ನು ದೇವರ ಮುಂದೆ ಹೇಳಲು ಬಂದವನು.

ಆ ತಾಯಿಗೆ ಕೊಡಬೇಕಾಗಿದ್ದ ಉತ್ತರ ನಮಗೆ ಇಲ್ಲಿ ಸಿಕ್ಕಿತು. ಅಜ್ಜಿ ಬಾಗಿಲು ತಟ್ಟುವುದಿಲ್ಲ ಮಗಳೇ. ಅವರು ದೇವರ ಕೈಯಲ್ಲಿದ್ದಾರೆ. ಬಾಗಿಲು ತಟ್ಟಬೇಕಾದವರು ನಾವು, ಅವರಿಗಾಗಿ. ದರ್ಶನ ಗ್ರಂಥದಲ್ಲಿ ಯೊವಾನ್ನರು ಕಂಡ ಆ ಎಣಿಸಲಾಗದ ಜನಸ್ತೋಮ, ಬಿಳಿಯ ನಿಲುವಂಗಿ ತೊಟ್ಟವರು, ಯಾರೋ ದೂರದವರಲ್ಲ. ಅವರಲ್ಲಿ ನಿನ್ನ ತಲೆ ಬಾಚಿ ಜಡೆ ಹಾಕಿದವರೂ ಇರುತ್ತಾರೆ ಎಂದು ನಾವು ನಿರೀಕ್ಷಿಸುತ್ತೇವೆ.

ಇನ್ನು ಕೆಲಸದ ಮಾತಿಗೆ ಬರೋಣ. ಈ ಸೋಲ್ ಕೇಕನ್ನು ನಮ್ಮ ಮನೆಗಳಲ್ಲಿ ಸುಲಭವಾಗಿ ಮಾಡಬಹುದು. ಕಾಲು ಕೆಜಿಗೆ ಸ್ವಲ್ಪ ಕಡಿಮೆ, 225 ಗ್ರಾಂ ಮೈದಾ. ಬೆಣ್ಣೆ 90 ಗ್ರಾಂ, ಪುಡಿ ಸಕ್ಕರೆ 90 ಗ್ರಾಂ, ಎರಡು ಮೊಟ್ಟೆಯ ಹಳದಿ, ಒಂದು ಹಿಡಿ ಒಣದ್ರಾಕ್ಷಿ. ಚೆಕ್ಕೆ, ಜಾಯಿಕಾಯಿ, ಒಣಶುಂಠಿಯ ಪುಡಿ ಎಲ್ಲ ಸೇರಿ ಒಂದು ಟೀ ಚಮಚ. ಬೆಣ್ಣೆ ಸಕ್ಕರೆಯನ್ನು ಬೆಳ್ಳಗಾಗುವ ತನಕ ತಿಕ್ಕಿ, ಹಳದಿ ಸೇರಿಸಿ, ಮೈದಾ ಮತ್ತು ಪುಡಿ ಹಾಕಿ, ಬೇಕಾದಷ್ಟೇ ಹಾಲು ಚಿಮುಕಿಸಿ ಮೃದುವಾದ ಉಂಡೆ ಮಾಡಿ. ಚಪಾತಿಯ ಹಾಗೆ ನಾದಬೇಡಿ, ಗಟ್ಟಿಯಾಗುತ್ತದೆ. ಒಂದು ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಲೋಟದ ಬಾಯಿಯಿಂದ ಕತ್ತರಿಸಿ, ಚಾಕುವಿನಿಂದ ಶಿಲುಬೆ ಗೀರಿ. ಒವನ್ ಇದ್ದವರು 180 ಡಿಗ್ರಿಯಲ್ಲಿ ಸುಮಾರು 15 ನಿಮಿಷ ಇಡಿ. ಇಲ್ಲದವರು ಹಳೆಯ ಕುಕ್ಕರಿನ ತಳಕ್ಕೆ ದಪ್ಪನಾಗಿ ಉಪ್ಪು ಹರಡಿ, ಗ್ಯಾಸ್ಕೆಟ್, ವಿಶಲ್ ಎರಡನ್ನೂ ತೆಗೆದು, ಹತ್ತು ನಿಮಿಷ ಕಾಯಿಸಿ, ಸ್ಟ್ಯಾಂಡಿನ ಮೇಲೆ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ ಬೇಯಿಸಿ. ಅಂಚು ಕೆಂಪಗಾದರೆ ಆಯಿತು. ಕಳೆದ ಭಾನುವಾರ ಧರ್ಮೋಪದೇಶದ ಮಕ್ಕಳೊಂದಿಗೆ ಸಭಾಂಗಣದ ಅಡುಗೆಮನೆಯಲ್ಲಿ ಇದನ್ನು ಮಾಡಿನೋಡಿದೆವು. ಮೊದಲ ಸುತ್ತು ತಳ ಹಿಡಿಯಿತು. ಉರಿ ಜಾಸ್ತಿ ಮಾಡಿದ್ದು ನಾವೇ.

ಪಕ್ಕದ ಮನೆಯ ಹಿಂದೂ, ಮುಸ್ಲಿಂ ನೆರೆಯವರಿಗೂ ಕೊಡಿ. ಹಬ್ಬದ ತಿಂಡಿ ಹಂಚುವುದು ನಮ್ಮ ಊರಿಗೆ ಹೊಸದಲ್ಲ. ಮೊಟ್ಟೆ ತಿನ್ನದವರಿಗೆ ಹಳದಿಯ ಬದಲು ಮೂರು ಚಮಚ ಗಟ್ಟಿ ಮೊಸರು ಹಾಕಿ ಬೇರೆಯಾಗಿ ಮಾಡಿಡಿ.

ದೀಪದ ವಿಷಯ. ಐರ್ಲೆಂಡಿನವರು ಮೊದಲು ಕೊರೆಯುತ್ತಿದ್ದುದು ಕುಂಬಳಕಾಯಿಯನ್ನಲ್ಲ, ಟರ್ನಿಪ್ ಗೆಡ್ಡೆಯನ್ನು. ಅಲ್ಲಿಯ ಮೇಯೋ ಜಿಲ್ಲೆಯ ಗ್ರಾಮೀಣ ಜೀವನದ ವಸ್ತುಸಂಗ್ರಹಾಲಯದಲ್ಲಿ ಅಂಥ ಒಂದು ಹಳೆಯ ಗೆಡ್ಡೆಯ ಅಚ್ಚು ಇದೆ. ನೋಡಿದರೆ ಅಂಗಡಿಯ ಯಾವ ಮುಖವಾಡವೂ ಅದರ ಮುಂದೆ ನಿಲ್ಲದು! ವಲಸೆ ಹೋದವರಿಗೆ ಅಮೆರಿಕದಲ್ಲಿ ಕುಂಬಳಕಾಯಿ ಸಿಕ್ಕಿತು, ದೊಡ್ಡದು, ಕೊರೆಯಲು ಮೆತ್ತಗೆ. ನಮ್ಮ ಸಂತೆಯಲ್ಲಿ ಸಿಹಿಕುಂಬಳ ಧಾರಾಳವಾಗಿ ಸಿಗುತ್ತದೆ. ತೊಟ್ಟಿನ ಕಡೆ ಮುಚ್ಚಳದ ಹಾಗೆ ಕೊಯ್ದು, ಗಟ್ಟಿ ಚಮಚದಿಂದ ತಿರುಳು ಕೆರೆದು ತೆಗೆಯಿರಿ. ತಿರುಳು ಹುಳಿಗೋ ಪಾಯಸಕ್ಕೋ ಆಗುತ್ತದೆ, ಬೀಜವನ್ನು ಉಪ್ಪು ಹಾಕಿ ಹುರಿಯಿರಿ, ಎಸೆಯಬೇಡಿ. ಮುಖವೇ ಬೇಕೆಂದಿಲ್ಲ. ನಕ್ಷತ್ರ, ಶಿಲುಬೆ, ತೀರಿಹೋದವರ ಹೆಸರಿನ ಮೊದಲ ಅಕ್ಷರ, ಯಾವುದನ್ನಾದರೂ ಕೊರೆಯಿರಿ. ಕನ್ನಡದ ಅಕ್ಷರ ಗುಂಡಗಿರುವುದರಿಂದ ಕೊರೆಯಲು ತುಸು ಕಷ್ಟ, ಆದರೆ ಬೆಳಕು ಬಿದ್ದಾಗ ಬಹಳ ಚಂದ. ಚಾಕು ದೊಡ್ಡವರ ಕೈಯಲ್ಲೇ ಇರಲಿ. ನೈಲಾನ್ ವೇಷ ಹಾಕಿದ ಮಕ್ಕಳು ಮೇಣದಬತ್ತಿಯ ಹತ್ತಿರ ಹೋಗಬಾರದು. ಸೆಲ್ಲಿನ ಪುಟ್ಟ ದೀಪ ಇಟ್ಟರೂ ನಡೆಯುತ್ತದೆ.

ವೇಷಕ್ಕೆ ದುಡ್ಡು ಕೊಡಬೇಡಿ. ಗೋಣಿಚೀಲಕ್ಕೆ ಹಗ್ಗ ಕಟ್ಟಿದರೆ ಅಸ್ಸೀಸಿಯ ಸಂತ ಫ್ರಾನ್ಸಿಸ್. ಅಮ್ಮನ ಬಿಳಿ ಸೀರೆಗೆ ನೀಲಿ ರಿಬ್ಬನ್ನು ಹೊಲಿದರೆ ಮದರ್ ತೆರೇಸಾ. 2022ರಲ್ಲಿ ಸಂತ ಪದವಿಗೇರಿದ ನಮ್ಮ ನೆರೆಯ ತಮಿಳುನಾಡಿನ ದೇವಸಹಾಯಂ ಅವರಿಗೆ ಕಪ್ಪು ಕಾಗದದ ಪಟ್ಟಿಗಳನ್ನು ಉಂಗುರದಂತೆ ಅಂಟಿಸಿ ಸರಪಳಿ ಮಾಡಿ. ಮಗು ಆ ಸರಪಳಿ ಏಕೆಂದು ಕೇಳೇ ಕೇಳುತ್ತದೆ, ಆಗ ಕಥೆ ಹೇಳಿ. 2025ರಲ್ಲಿ ಸಂತರಾದ ಕಾರ್ಲೊ ಅಕುಟಿಸ್ ಆಗಬಯಸುವ ಹುಡುಗನಿಗಂತೂ ಅವನದೇ ಜೀನ್ಸ್ ಪ್ಯಾಂಟು, ಅವನದೇ ಶೂ!

ಮೆಕ್ಸಿಕೋದ ಕುಟುಂಬಗಳು ಈ ದಿನಗಳಲ್ಲಿ ಮನೆಯೊಳಗೆ ತೀರಿಹೋದವರ ಫೋಟೊ ಇಟ್ಟು, ಅವರಿಗೆ ಇಷ್ಟವಾದ ತಿಂಡಿ ಬಡಿಸಿ, ಬಣ್ಣದ ತೆಳು ಕಾಗದವನ್ನು ಮಡಿಸಿ ಕತ್ತರಿಸಿದ ತೋರಣ ಕಟ್ಟುತ್ತಾರೆ. ಸುತ್ತ ಕಿತ್ತಳೆ ಬಣ್ಣದ ಹೂಗಳ ರಾಶಿ. ಆ ಹೂ ಯಾವುದು ಗೊತ್ತೇ? ನಮ್ಮ ಚೆಂಡುಹೂವೇ. ಅದರ ತವರು ಮೆಕ್ಸಿಕೋ. ನಾಳೆ ರಾಜ್ಯೋತ್ಸವಕ್ಕೆಂದು ಕೆಂಪು ಹಳದಿ ಕಾಗದ ಹೇಗೂ ತಂದಿರುತ್ತೀರಿ, ಉಳಿದದ್ದರಲ್ಲಿ ಮಕ್ಕಳು ಇಂಥ ತೋರಣ ಮಾಡಲಿ.

ಕಳೆದ ಭಾನುವಾರ ಅಡುಗೆಮನೆಯಲ್ಲಿ ಆ ಹುಡುಗಿಯೂ ಇದ್ದಳು, ಈಗ ಎಂಟು ವರ್ಷ. ಅಜ್ಜಿಗೆ ಹಲ್ಲಿರಲಿಲ್ಲ, ಅವರಿಗೆ ಮೆತ್ತಗಿನದು ಬೇಕು ಎಂದು ಹೇಳಿ, ತಳ ಹಿಡಿಯದ ಒಂದು ಕೇಕನ್ನು ಆರಿಸಿ ಕಾಗದದಲ್ಲಿ ಸುತ್ತಿಕೊಂಡಳು. ಅಜ್ಜಿ ತಿನ್ನುವುದಿಲ್ಲವಲ್ಲ ಎಂದು ಪಕ್ಕದ ಹುಡುಗ ಕೆಣಕಿದ. "ಗೊತ್ತು, ಅಲ್ಲಿ ಗೇಟಿನ ಹತ್ತಿರ ಕೂರೋ ತಾತನಿಗೆ ಕೊಡ್ತೀನಿ, ಅವರೇ ಅಜ್ಜಿಗೆ ಪ್ರಾರ್ಥನೆ ಮಾಡ್ತಾರೆ" ಎಂದಳು. ನಾವು ಉರಿ ಸಣ್ಣ ಮಾಡುವ ನೆಪದಲ್ಲಿ ಆಚೆ ತಿರುಗಿಕೊಂಡೆವು.

ನವೆಂಬರ್ 1ರಿಂದ 8ರವರೆಗೆ ಸಮಾಧಿ ಸ್ಥಳಕ್ಕೆ ಹೋಗಿ ಮೃತರಿಗಾಗಿ ಪ್ರಾರ್ಥಿಸಲು ಧರ್ಮಸಭೆ ವಿಶೇಷವಾಗಿ ಕರೆಕೊಡುತ್ತದೆ. ನಾಡಿದ್ದು ಸಂಜೆ ನಾಲ್ಕೂವರೆಗೆ ಅಲ್ಲೇ ಬಲಿಪೂಜೆ. ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಮಾಡಿದ ದೀಪಗಳನ್ನು ತನ್ನಿ. ಯಾರೂ ಬರದ ಹಳೆಯ ಸಮಾಧಿಗಳು ಹಿಂದಿನ ಗೋಡೆಯ ಪಕ್ಕ ಬಹಳ ಇವೆ, ಒಂದೊಂದು ದೀಪ ಅಲ್ಲಿಗೂ ಇಡೋಣ. ಹೆಸರು ಓದಲು ಬರುವಂಥದ್ದಿದ್ದರೆ ಓದಿ, ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ ಹೇಳಿ. ಗೇಟಿನ ಬಳಿ ಕೂರುವವರಿಗೆ ಕೊಡಲು ಕೇಕುಗಳನ್ನು ಮಹಿಳಾ ಸಂಘದವರು ಡಬ್ಬಿಗಳಲ್ಲಿ ಸಂಗ್ರಹಿಸುತ್ತಾರೆ. ಡಬ್ಬಿಯ ಮೇಲೆ ನಿಮ್ಮ ಮನೆಯವರ ಹೆಸರಲ್ಲ, ತೀರಿಹೋದವರ ಹೆಸರು ಬರೆದು ಕೊಡಿ.