ದಿಲ್ಲಿಯ ಸುಂಕ, ನಮ್ಮ ಗೂಡಿನ ದರ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ರೇಷ್ಮೆ ಮಾಡೋರನ್ನ ಕೇಳಿ ನೋಡಿ, ಗೂಡಿನ ದರ ಯಾಕೆ ಬಿತ್ತು ಅಂತ. ಒಬ್ಬರು, ರೀಲರುಗಳು ಒಟ್ಟಾಗಿ ಹರಾಜು ಇಳಿಸಿದರು ಅಂತಾರೆ. ಇನ್ನೊಬ್ಬರು, ಮೋಡ ಮುಚ್ಚಿತ್ತು, ಗೂಡು ತೆಳುವಾಯಿತು ಅಂತಾರೆ. ಎರಡರಲ್ಲೂ ಅಷ್ಟಿಷ್ಟು ನಿಜ ಇದೆ. ಆದರೆ ದೊಡ್ಡ ಏಟು ಬಿದ್ದದ್ದು ಮಾರುಕಟ್ಟೆಯ ಒಳಗಿಂದ ಅಲ್ಲ.

೨೦೧೧ರ ಕೇಂದ್ರ ಮುಂಗಡಪತ್ರದಲ್ಲಿ ಹೊರದೇಶದ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇಕಡಾ ೩೦ರಿಂದ ೫ಕ್ಕೆ ಇಳಿಸಿದರು. ಒಂದು ಸಾಲು, ಅಷ್ಟೆ. ಗೂಡಿನ ದರ ಕುಸಿಯಿತು, ರಾಮನಗರದಲ್ಲಿ ರೈತರು ಬೀದಿಗಿಳಿದರು. ೨೦೧೩ರಲ್ಲಿ ಸುಂಕವನ್ನು ೧೫ಕ್ಕೆ ಏರಿಸಿದರು. ನಡುವೆ ಎರಡು ವರ್ಷ. ವರ್ಷಕ್ಕೆ ಐದು ಬೆಳೆ ಅಂದರೂ ಹತ್ತು ಬೆಳೆ. ಆ ಹತ್ತು ಬೆಳೆಯ ಸಾಲಕ್ಕೆ ಬಡ್ಡಿ ಕಟ್ಟಿದವರು ಯಾರು ಸ್ವಾಮಿ?

ಕಡಲೆಕಾಯಿಯಾದರೆ ಚೀಲ ಕಟ್ಟಿ ಅಟ್ಟಕ್ಕೆ ಹಾಕಿ ನಾಲ್ಕು ದಿನ ಕಾಯಬಹುದು. ಗೂಡು ಕಾಯೋದಿಲ್ಲ. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬರುತ್ತೆ, ಎಳೆ ತುಂಡಾಗುತ್ತೆ. ಹಾಗಾಗಿ ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ರಾಮನಗರಕ್ಕೋ ಹಿಂದೂಪುರಕ್ಕೋ ಹೊತ್ತುಕೊಂಡು ಹೋದವನು, ಕೂಗಿದ ಬೆಲೆಗೆ ಕೊಟ್ಟು ಬರಲೇಬೇಕು. ಲೋಕದಲ್ಲಿ ಎಲ್ಲರಿಗಿಂತ ಹೆಚ್ಚು ರೇಷ್ಮೆ ತೆಗೆಯುವ ಚೀನಾ ದೇಶದವರ ನೂಲು ಗೋದಾಮಿನಲ್ಲಿ ಕೂತು ಕಾಯಬಲ್ಲದು. ನಮ್ಮ ಗೂಡು ಬುಟ್ಟಿಯಲ್ಲಿ ಕೂತು ಕಾಯಲಾರದು. ಪೈಪೋಟಿ ಅಂತ ಇದಕ್ಕೆ ಹೆಸರು!

ಲೆಕ್ಕ ಹಾಕಿ. ನೂರು ಮೊಟ್ಟೆ ಮೇಯಿಸೋಕೆ ಸುಮಾರು ಒಂದು ಟನ್ ಸೊಪ್ಪು ಬೇಕು. ಹಾಲುತೊಂಡೆ, ಸುಣ್ಣಕಟ್ಟು ಬರದೆ ಬೆಳೆ ನೆಟ್ಟಗೆ ಕೈಗೆ ಹತ್ತಿದರೆ ೬೦ ಕಿಲೋ ಗೂಡು. ಸುಮಾರು ಏಳು ಕಿಲೋ ಗೂಡಿಗೆ ಒಂದು ಕಿಲೋ ನೂಲು. ಅರ್ಧ ಕಿಲೋ ನೂಲಿನ ಸೀರೆ ಅಂದರೆ ಮೂರೂವರೆ ಕಿಲೋ ಗೂಡು, ಹತ್ತಿರ ಹತ್ತಿರ ೬೦ ಕಿಲೋ ಸೊಪ್ಪು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ರಾತ್ರಿಯೆಲ್ಲ ಸೊಪ್ಪು ಹಾಕಿ ನಿದ್ದೆಗೆಟ್ಟ ಹೆಂಗಸರ ಕೂಲಿ ಇದರಲ್ಲಿ ಎಲ್ಲಿದೆ? ಬರೆದವರಿಲ್ಲ.

ನೀರಿನ ಬಾಬ್ತು ಬೇರೆ ಇದೆ. ನಮ್ಮ ಈ ಸೀಮೆಯಲ್ಲಿ ಹಳ್ಳದ ಮರಳು ಬಗೆದರೆ ತಲಪರಿಗೆಯಲ್ಲಿ ನೀರು ಒಸರೋದು. ಅದನ್ನ ಕಾಲುವೆಗೆ ತಿರುಗಿಸಿ ಗದ್ದೆ ಮಾಡಿದವರು ನಮ್ಮ ಹಿರಿಯರು. ಜಯಮಂಗಲಿಯ ಮರಳು ಲಾರಿ ಹತ್ತಿತು, ಬೋರುಗಳು ಆಳಕ್ಕಿಳಿದವು, ತಲಪರಿಗೆಗಳು ಬಹುಪಾಲು ಬತ್ತಿದವು. ಈಗ ಹಿಪ್ಪುನೇರಳೆಗೆ ಕೊಡೋದು ಸಾಲ ಮಾಡಿ ಎತ್ತಿದ ನೀರು. ಒಂದು ಬೋರು ಫೇಲಾದರೆ ಇನ್ನೊಂದು, ಅದೂ ಫೇಲಾದರೆ ಒಡವೆ. ಡ್ರಿಪ್ ಹಾಕಿಸಿ ಅಂತಾರೆ, ಹಾಕಿಸೋಣ, ಒಳ್ಳೆಯದೇ. ಆದರೆ ಫೇಲಾದ ಬೋರಿನ ಸಾಲವನ್ನು ಉತ್ಪಾದನಾ ವೆಚ್ಚಕ್ಕೆ ಸೇರಿಸದೆ ಯಾವ ಬೆಲೆಯೂ ವೈಜ್ಞಾನಿಕ ಬೆಲೆ ಆಗೋದಿಲ್ಲ.

ಇಲ್ಲಿ ಒಂದು ಮಾತು ನೇರವಾಗಿ ಹೇಳ್ತೀನಿ, ಕೆಲವರಿಗೆ ರುಚಿಸಲಿಕ್ಕಿಲ್ಲ. ಸುಂಕ ಇಳಿಸಿ ಅಂತ ಕೇಳಿದವರಲ್ಲಿ ನೇಕಾರರೂ ಇದ್ದರು. ಪಾವಗಡದ ಗಡಿಯಾಚೆ ಧರ್ಮಾವರದ ಮಗ್ಗದವನು ನಮ್ಮ ವೈರಿಯಲ್ಲ. ನೂಲು ದುಬಾರಿಯಾದರೆ ಅವನ ಮಗ್ಗ ನಿಲ್ಲುತ್ತೆ, ಪಾಲಿಯೆಸ್ಟರ್ ಸೀರೆ ರೇಷ್ಮೆ ಅಂತ ಹೇಳಿಸಿಕೊಂಡು ಅಂಗಡಿಗೆ ಬರುತ್ತೆ. ಚೀನಾದ ನೂಲು ಒಂದೇ ಸಮ ಇರುತ್ತೆ, ಹಾಸಿಗೆ ತುಂಡಾಗೋದಿಲ್ಲ ಅನ್ನೋದು ಅವನ ಮಾತು, ಅದೂ ಸುಳ್ಳಲ್ಲ. ಹಾಗಾದರೆ ಆಮದಿನ ಮೇಲೆ ವಸೂಲಾದ ಸುಂಕದ ಹಣದಲ್ಲೇ ಕೈಮಗ್ಗದವರಿಗೆ ನೂಲಿನ ರಿಯಾಯಿತಿ ಕೊಡಲಿ, ನಮ್ಮ ಗೂಡಿಗೆ ಬೆಂಬಲ ಬೆಲೆ ಕಟ್ಟಲಿ. ಇಬ್ಬರನ್ನೂ ಜಗಳಕ್ಕೆ ಬಿಟ್ಟು ದಿಲ್ಲಿಯವರು ದೂರ ನಿಂತು ನೋಡೋದು ಬೇಡ.

ಹುಳುಮನೆಗೆ ಬೀಗ ಹಾಕಿದ ಮನೆಗಳ ಹೆಣ್ಣುಮಕ್ಕಳು ಗಾರ್ಮೆಂಟ್ಸಿಗೆ ಹೋಗ್ತಿದ್ದಾರೆ. ಅಲ್ಲಿ ಹೊಲಿಯೋದು ಅಮೆರಿಕ, ಯೂರೋಪಿನವರು ಹಾಕಿಕೊಳ್ಳೋ ಅಂಗಿ. ಗಂಟೆಗೆ ಇಷ್ಟು ಪೀಸು ಅಂತ ಗುರಿ. ಆದರೆ ೨೦೧೬ರ ಏಪ್ರಿಲ್‌ನಲ್ಲಿ, ಮಾಲೀಕರು ಕಟ್ಟಿದ ಪಿಎಫ್ ಪಾಲನ್ನು ೫೮ ವರ್ಷದವರೆಗೆ ತೆಗೆಯಕೂಡದು ಅನ್ನೋ ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗಳಿಗೆ ಇಳಿದವರು ಇಂಥ ಹೆಣ್ಣುಮಕ್ಕಳೇ. ಎರಡನೇ ದಿನ, ೧೯ರಂದು, ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಮೀಸೆ ಹೊತ್ತ ನಾವು ಎರಡು ವರ್ಷ ಕಾದೆವು.

ಬರೋ ಬೆಳೆಯಿಂದ ಒಂದು ನೋಟ್‌ಬುಕ್ ಇಡಿ. ಮೊಟ್ಟೆ, ಗೊಬ್ಬರ, ಸೊಪ್ಪು, ಮನೆಯವರ ಕೂಲಿ, ಬೋರಿನ ಬಡ್ಡಿ, ಮಾರುಕಟ್ಟೆಗೆ ಹೋದ ಬಾಡಿಗೆ, ಕೊನೆಗೆ ಕಿಲೋಗೆ ಸಿಕ್ಕಿದ ದರ, ಎಲ್ಲ ಬರೆಯಿರಿ. ಫೆಬ್ರವರಿ ಒಂದರ ಮುಂಗಡಪತ್ರಕ್ಕೆ ಮುಂಚೆ ನಾಲ್ಕೂ ತಾಲ್ಲೂಕಿನ ಲೆಕ್ಕ ಸೇರಿಸಿ ನಮ್ಮ ಲೋಕಸಭಾ ಸದಸ್ಯರ ಕೈಗೆ ಕೊಡೋಣ, ಸಹಿ ಹಾಕಿಸಿಕೊಂಡು ಕೊಡೋಣ. ಮನೆಯ ಹೆಂಗಸರನ್ನೂ ಕರೆದುಕೊಂಡು ಬನ್ನಿ, ಸೊಪ್ಪಿನ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತು.