ಅಟ್ಟದಲ್ಲಿ ಕಣಜವಿದ್ದ ಅರಮನೆಗಳು



ಉತ್ತರ ಇಟಲಿಯ ವಿಚೆಂಜಾ ನಗರದಿಂದ ದಕ್ಷಿಣಕ್ಕೆ, ಮುಸುಕಿನ ಜೋಳದ ಹೊಲಗಳೂ ನೀರಿನ ಕಾಲುವೆಗಳೂ ಒಂದನ್ನೊಂದು ಹಾಯ್ದು ಹೋಗುವ ಸಮತಟ್ಟಾದ ಬಯಲುನಾಡಿನಲ್ಲಿ, ಅಗುಲ್ಯಾರೊ ಎಂಬ ಚಿಕ್ಕ ಊರಿನ ಎಲ್ಲೆಗೆ ಸೇರಿದಂತೆ ವಿಲ್ಲಾ ಸರಚೇನೊ ಎಂಬ ಮನೆಯೊಂದುಂಟು. ಹದಿನಾರು ಮಂದಿ ಮಲಗಬಹುದಾದ ಆ ಮನೆಯನ್ನು ನಾಲ್ಕು ಸಂಸಾರಗಳವರು ಕೂಡಿ ಒಂದು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದೆವು. ಮೊದಲ ಸಂಜೆ ಉಳಿದವರೆಲ್ಲ ನಡುಮನೆಯ ಗೋಡೆಯ ಮೇಲ್ಭಾಗದಲ್ಲಿ ಸಾಲುಗಟ್ಟಿದ ಭಿತ್ತಿಚಿತ್ರಗಳನ್ನು ಕತ್ತೆತ್ತಿ ನೋಡುತ್ತಿದ್ದಾಗ ನಾನು ಅಟ್ಟಕ್ಕೆ ಹತ್ತಿದೆನು. ಮೇಲೆ ಚಿತ್ರವಿಲ್ಲ, ಬಣ್ಣವಿಲ್ಲ. ಆನೆಗಾತ್ರದ ತೊಲೆಗಳು, ಬರಿಯ ಗೋಡೆ, ಸೂರಿನ ಕೆಳಗೆ ಗಾಳಿಯಾಡುವುದಕ್ಕೆಂದು ಬಿಟ್ಟ ಚೌಕಾಕಾರದ ಸಣ್ಣ ಕಿಂಡಿಗಳು. ಹೊರಗಿನಿಂದ ನೋಡಿದವರು ಆ ಕಿಂಡಿಗಳನ್ನು ಅಲಂಕಾರವೆಂದೇ ಎಣಿಸಿಯಾರು. ಅವು ಧಾನ್ಯವನ್ನು ಮುಗ್ಗದಂತೆ ಕಾಯುವುದಕ್ಕಾಗಿ ಆದಂಥವು. ಅದು ಕಣಜ. ಕೆಳಗೆ ಮನೆಯೊಡೆಯನು ಅತಿಥಿಗಳೊಡನೆ ಊಟಕ್ಕೆ ಕುಳಿತಿದ್ದರೆ, ಅವನ ನೆತ್ತಿಯ ಮೇಲೆ ಆ ವರ್ಷದ ಗೋಧಿ ರಾಶಿ ಬಿದ್ದಿರುತ್ತಿತ್ತು.

ಈ ಸಂಜೆ ನಾನು ಹೇಳಬೇಕೆಂದಿರುವುದೆಲ್ಲ ಆ ಅಟ್ಟದಿಂದಲೇ ಹೊರಡುತ್ತದೆ. ಇಟಲಿಯ ಪ್ರಾಚೀನ ವಿಲ್ಲಾಗಳನ್ನೂ ಕೋಟೆಮನೆಗಳನ್ನೂ ರಜಾದಿನಗಳಿಗಾಗಿ ಬಾಡಿಗೆಗೆ ಕೊಡುವವರು ತಮ್ಮ ಜಾಹೀರಾತುಗಳಲ್ಲಿ ವೈಭವದ ಮಾತನ್ನೇ ಮುಂದಿಡುತ್ತಾರೆ. ಈಜುಕೊಳ, ದ್ರಾಕ್ಷಿತೋಟದ ನೋಟ, ರಾಜಯೋಗ್ಯವಾದ ಶಯ್ಯಾಗೃಹ. ಆದರೆ ವಿಲ್ಲಾ ಎಂಬ ಲ್ಯಾಟಿನ್ ಶಬ್ದಕ್ಕೆ ಮೊದಲಿನಿಂದಲೂ ಭೂಮಿಯ ನಂಟು ಉಂಟು. ಒಕ್ಕಲುತನವನ್ನು ಬೆನ್ನಿಗೆ ಕಟ್ಟಿಕೊಂಡು ಹುಟ್ಟಿದ ಮನೆಯದು. ಒಕ್ಕಲುತನ ಹಿಂದೆ ಸರಿದಾಗ ಅದರ ಪ್ರಾಣಕ್ಕೇ ಸಂಚಕಾರ ಬಂದಿತು. ಇಂದು ಬಾಡಿಗೆಯ ಹಣವು ಹಿಂದೆ ಗೋಧಿಯು ಮಾಡುತ್ತಿದ್ದ ಕೆಲಸವನ್ನು ಮಾಡುತ್ತಿದೆ. ಆದುದರಿಂದ ಒಂದು ವಾರ ಅಲ್ಲಿ ತಂಗುವವನು, ತಾನು ತಿಳಿದಿರಲಿ ತಿಳಿಯದಿರಲಿ, ಆ ಮನೆಯ ಮಾಡನ್ನು ಎತ್ತಿ ಹಿಡಿದ ಕೈಗಳಲ್ಲಿ ಒಂದಾಗಿರುತ್ತಾನೆ ಎಂಬುದು ನನ್ನ ದೃಢವಾದ ನಂಬಿಕೆ.

ವೆನಿಸ್ಸಿನ ವರ್ತಕಕುಲಗಳು ಸಮುದ್ರದ ಕಡೆಗಿದ್ದ ಮುಖವನ್ನು ನೆಲದ ಕಡೆಗೆ ತಿರುಗಿಸಿದ ಕಥೆಯಲ್ಲಿ ನಮ್ಮ ಪಶ್ಚಿಮ ಕರಾವಳಿಗೂ ಒಂದು ಪಾಲುಂಟು. 1498ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಯ ಬಳಿ ಲಂಗರು ಹಾಕಿದಾಗ, ಮಲೆಯಾಳದಿಂದಲೂ ನಮ್ಮ ಭಟ್ಕಳ ಹೊನ್ನಾವರಗಳ ರೇವುಗಳಿಂದಲೂ ಅರಬರ ಕೈದಾಟಿ ವೆನಿಸ್ಸಿಗೆ ಹೋಗುತ್ತಿದ್ದ ಕರಿಮೆಣಸಿಗೆ ಬೇರೊಂದು ದಾರಿ ತೆರೆಯಿತು. ಆ ವ್ಯಾಪಾರ ಒಮ್ಮೆಗೇ ಸತ್ತುಹೋಯಿತೆಂದಲ್ಲ, ಮುಂದೆ ಅದು ಚೇತರಿಸಿಕೊಂಡದ್ದೂ ಉಂಟು. ಆದರೆ ಸಮುದ್ರವೊಂದನ್ನೇ ನಂಬಿ ಬಾಳಬಹುದೆಂಬ ಧೈರ್ಯ ಅಳಿಯಿತು. ಅತ್ತ ಜನಸಂಖ್ಯೆ ಬೆಳೆಯಿತು, ಧಾನ್ಯದ ಬೆಲೆ ಏರಿತು, ಹೊರಗಿನಿಂದ ಬರುವ ಗೋಧಿಯ ಭರವಸೆ ತಪ್ಪಿತು. ಜೌಗುಭೂಮಿಯ ನೀರನ್ನು ಬಸಿದು ಉಳುಮೆಗೆ ತರುವುದಕ್ಕೆಂದು 1556ರಲ್ಲಿ ವೆನಿಸ್ ಗಣರಾಜ್ಯವು ಅಧಿಕಾರಿಗಳ ಮಂಡಲಿಯೊಂದನ್ನೇ ನೇಮಿಸಿತು. ಹೊಲದ ನಡುವೆ ಒಡೆಯನು ತಾನೇ ನಿಂತು ಸುಗ್ಗಿಯನ್ನು ನೋಡಿಕೊಳ್ಳಬೇಕು, ಆದರೆ ಅವನ ಘನತೆಗೆ ಕುಂದು ಬರಬಾರದು: ಇಂತಹ ಮನೆಯೊಂದು ಬೇಕಾಗಿದ್ದ ಕಾಲದಲ್ಲಿ ದೊರೆತವನು ವಾಸ್ತುಶಿಲ್ಪಿ ಆಂದ್ರೆಯಾ ಪಲ್ಲಾದಿಯೊ.

1508ರಲ್ಲಿ ಪಾದುವಾದಲ್ಲಿ ಹುಟ್ಟಿ, ಹದಿಮೂರನೆಯ ವಯಸ್ಸಿನಲ್ಲೇ ಕಲ್ಲುಕುಟಿಗರ ಕೈಕೆಳಗೆ ಕೆಲಸ ಕಲಿಯಲು ಸೇರಿದ ಈ ಹುಡುಗನಿಗೆ ಆಮೇಲೆ ತ್ರಿಸ್ಸಿನೊ ಎಂಬ ವಿದ್ವಾಂಸನು ಆಶ್ರಯವನ್ನೂ ಪಲ್ಲಾದಿಯೊ ಎಂಬ ಹೆಸರನ್ನೂ ಕೊಟ್ಟನು. ದೇವಾಲಯಗಳಿಗೆ ಸಲ್ಲುತ್ತಿದ್ದ ತ್ರಿಕೋನಾಕಾರದ ಮುಖಭಾಗವನ್ನು ತಂದು ರೈತನ ಮನೆಯ ಮೊಗಸಾಲೆಯ ಮೇಲೆ ಇರಿಸಿದ ಧೀರನು ಅವನು. ಎರಡು ಪಕ್ಕಗಳಲ್ಲಿ ರೆಕ್ಕೆಗಳಂತೆ ಚಾಚಿದ, ಕಂಬಸಾಲಿನ ಉದ್ದನೆಯ ಕಟ್ಟಡಗಳು ನೋಡುವುದಕ್ಕೆ ರಾಜಸಭೆಯ ಪ್ರಾಕಾರದಂತಿದ್ದರೂ ಅವು ಗಾಡಿ, ನೇಗಿಲು, ಹುಲ್ಲು, ದನಗಳಿಗಾಗಿ ಕಟ್ಟಿದ ಕೊಟ್ಟಿಗೆಗಳು. ಅಮೃತಶಿಲೆಯದೆಂದು ತೋರುವ ಕಂಬವನ್ನು ಸಮೀಪಕ್ಕೆ ಹೋಗಿ, ಗಿಲಾವು ಕಳಚಿದ ಕಡೆಯಲ್ಲಿ ನೋಡಿರಿ. ಒಳಗೆ ಕೆಂಪು ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ದುಬಾರಿಯ ಕಲ್ಲಿಲ್ಲದೆ ಪ್ರಮಾಣಬದ್ಧತೆಯೊಂದರಿಂದಲೇ ಗಾಂಭೀರ್ಯವನ್ನು ತರಬಹುದೆಂಬುದನ್ನು ಅವನು 1570ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ತನ್ನ ವಾಸ್ತುಗ್ರಂಥದ ನಾಲ್ಕು ಸಂಪುಟಗಳಲ್ಲಿ ಲೋಕಕ್ಕೆ ತಿಳಿಸಿದನು. ಆ ಗ್ರಂಥದಲ್ಲಿ ನಾವು ತಂಗಿದ್ದ, ಅವನೇ ರಚಿಸಿದ ಸರಚೇನೊ ಮನೆಯ ನಕ್ಷೆಯೂ ಇದೆ. ಅಲ್ಲಿ ವಿಶಾಲವಾದ ಅಂಗಳದ ಸುತ್ತ ಕಟ್ಟಡಗಳು ಹಬ್ಬಿವೆ. ನೆಲದ ಮೇಲೆ ಅವನ ಕಲ್ಪನೆಯಂತೆ ಎದ್ದುನಿಂತದ್ದು ನಡುವಿನ ಭಾಗ ಮಾತ್ರ. ನಕ್ಷೆಯನ್ನು ಕೈಯಲ್ಲಿ ಹಿಡಿದು, ಕಟ್ಟದೇ ಉಳಿದ ಪಾರ್ಶ್ವವಿರಬೇಕಾದ ಹುಲ್ಲಿನ ಮೇಲೆ ಒಂದು ಬೆಳಗಿನ ಹೊತ್ತು ನಡೆದಾಡಿದ್ದು ಆ ವಾರದ ನನ್ನ ಅತ್ಯಂತ ಸಂತೋಷದ ಗಳಿಗೆ.

ಎರಡನೆಯ ಮಹಾಯುದ್ಧದ ಅನಂತರ ಇಂತಹ ಮನೆಗಳಿಗೆ ಒದಗಿದ ದುರ್ದಶೆಯನ್ನು ಜನರ ಕಣ್ಣಿಗೆ ತೋರಿಸಿದವನು ಜುಸೆಪ್ಪೆ ಮಾಜ್ಜೊತ್ತಿ. 1952ರಲ್ಲಿ ತ್ರೆವೀಸೊ ನಗರದಲ್ಲಿ ಅವನು ಏರ್ಪಡಿಸಿದ ಪ್ರದರ್ಶನವು ಮನಸ್ಸಾಕ್ಷಿಯನ್ನು ಕಲಕಿ, 1958ರಲ್ಲಿ, ವಿಚೆಂಜಾ ಸೇರಿರುವ ವೆನೆತೊ ಪ್ರಾಂತದ ವಿಲ್ಲಾಗಳ ರಕ್ಷಣೆಗೆಂದೇ ಸರ್ಕಾರಿ ಸಂಸ್ಥೆಯೊಂದು ಹುಟ್ಟಿತು. ಆ ಸೀಮೆಯಲ್ಲಿರುವ ವಿಲ್ಲಾಗಳು ಸಾವಿರಾರು. ಅಷ್ಟನ್ನೂ ವಸ್ತುಸಂಗ್ರಹಾಲಯಗಳನ್ನಾಗಿ ಮಾಡಿ ಪೋಷಿಸುವುದು ಯಾವ ಸರ್ಕಾರದಿಂದಲೂ ಆಗದ ಮಾತು. ಸರಚೇನೊ ಮನೆಯನ್ನು ಉಳಿಸಿದವರು ಆಂಗ್ಲರು. 1965ರಲ್ಲಿ ಸರ್ ಜಾನ್ ಸ್ಮಿತ್ ಸ್ಥಾಪಿಸಿದ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಎಂಬ ಧರ್ಮಸಂಸ್ಥೆ ಶಿಥಿಲವಾಗಿದ್ದ ಆ ಕಟ್ಟಡವನ್ನು 1989ರಲ್ಲಿ ಕೊಂಡು, ವರ್ಷಗಟ್ಟಲೆ ಜೀರ್ಣೋದ್ಧಾರ ಮಾಡಿಸಿ, ಬಾಡಿಗೆಗೆ ತೆರೆಯಿತು. ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ, ತಂಗುವವರು ಕೊಡುವ ಹಣದಿಂದ ಅದನ್ನು ಕಾಪಾಡುವುದೇ ಆ ಸಂಸ್ಥೆಯ ಕ್ರಮ. ನಮ್ಮ ಮಲೆನಾಡಿನಲ್ಲಿ ಬೀಗ ಹಾಕಿದ ತೊಟ್ಟಿಮನೆಯ ಮಾಡಿನಿಂದ ಒಂದೊಂದೇ ಹೆಂಚು ಜಾರುವುದನ್ನು ಕಂಡವರಿಗೆ ಈ ಕ್ರಮದ ಬೆಲೆ ತಿಳಿಯುತ್ತದೆ. ಒಲೆ ಉರಿಯದ ಮನೆ ಬಹುಕಾಲ ನಿಲ್ಲದು.

ತಸ್ಕನಿ ಪ್ರಾಂತದ ಕಥೆ ಇನ್ನೂ ನೋವಿನದು. ಅಲ್ಲಿ ಶತಮಾನಗಳ ಕಾಲ ನಡೆದದ್ದು ಮೆಜ್ಜಾದ್ರಿಯ ಎಂಬ ಪದ್ಧತಿ. ನಮ್ಮವರು ಹೊಲವನ್ನು ವಾರಕ್ಕೆ ಹಾಕುವುದೆನ್ನುವರಲ್ಲ, ಹೆಚ್ಚುಕಡಿಮೆ ಅದೇ. ಬೆಳೆಯಲ್ಲಿ ಅರ್ಧ ಒಡೆಯನಿಗೆ, ಅರ್ಧ ಒಕ್ಕಲಿಗೆ. ನಡುವೆ ಫತ್ತೋರೆ ಎಂಬ ಪಾರುಪತ್ಯಗಾರ, ಅವನ ಕೈಯಲ್ಲಿ ಲೆಕ್ಕದ ಪುಸ್ತಕ. ಯುದ್ಧಾನಂತರ ಕಾರ್ಖಾನೆಗಳ ಊರು ಕರೆದಾಗ ಒಕ್ಕಲುಗಳು ಹೊರಟುಹೋದರು. ಹೊಸದಾಗಿ ಇಂತಹ ಕರಾರು ಮಾಡಿಕೊಳ್ಳಕೂಡದೆಂದು 1964ರಲ್ಲಿ ಕಾನೂನೂ ಬಂದಿತು. ಬೆಟ್ಟದ ಮೇಲಿನ ಸಾವಿರಾರು ಕಲ್ಲುಮನೆಗಳು ಬರಿದಾದುವು. ಹೊರದೇಶದವರು ಬಂದು ಅಗ್ಗದ ಬೆಲೆಗೆ ಕೊಂಡರು. 1985ರಲ್ಲಿ ಕೃಷಿಕರೇ ಅತಿಥಿಗಳನ್ನು ಇರಿಸಿಕೊಳ್ಳಲು ಅನುಕೂಲವಾಗುವ ಶಾಸನವಾಯಿತು. ಇಂದು ಪ್ರವಾಸಿಗರು ಬಿಸಿಲು ಕಾಯಿಸಿಕೊಳ್ಳುವ ಎಷ್ಟೋ ಅಂಗಳಗಳು ಅಂದು ಒಕ್ಕಲು ಬೆವರು ಹರಿಸಿದ ಕಣಗಳು. ಇದನ್ನು ಅರಿಯದೆ ಅಲ್ಲಿ ಕಾಲುಚಾಚಿ ಕೂರುವುದು ನನ್ನಿಂದಾಗದು.

ಬಾಡಿಗೆಯ ವ್ಯವಹಾರದ ಬಗೆಗೆ ಎರಡು ಮಾತು. ಇಂತಹ ಮನೆಗಳನ್ನು ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ ಕೊಡುತ್ತಾರೆ. ಕಪಾರ್ರಾ ಎಂಬ ಮುಂಗಡವನ್ನು ಮೊದಲೇ ಕಟ್ಟಬೇಕು. ಹೋದೊಡನೆ ಪಾಸ್‌ಪೋರ್ಟ್ ಕೊಡಬೇಕು, ಏಕೆಂದರೆ ತಂಗಿದವರ ವಿವರವನ್ನು ಒಂದು ದಿನದೊಳಗೆ ಪೊಲೀಸರಿಗೆ ತಿಳಿಸುವುದು ಮನೆಯವರ ಕಾನೂನುಬದ್ಧ ಕರ್ತವ್ಯ. ಹವಾನಿಯಂತ್ರಣವಿಲ್ಲವೆಂದೋ ಸ್ನಾನಗೃಹ ದೂರವಾಯಿತೆಂದೋ ಮುನಿಯುವವರು ನೆನಪಿಡಬೇಕಾದದ್ದು, ಚರಿತ್ರಾರ್ಹವೆಂದು ಘೋಷಿತವಾದ ಕಟ್ಟಡದಲ್ಲಿ ಇಲಾಖೆಯ ಅನುಮತಿಯಿಲ್ಲದೆ ಮಾರ್ಪಾಟು ಮಾಡುವುದನ್ನು 1939ರ ಶಾಸನವೇ ನಿಷೇಧಿಸಿತ್ತು, 2004ರ ಸಂಹಿತೆಯೂ ನಿಷೇಧಿಸಿದೆ. ಒಡೆಯನು ಜಿಪುಣನಲ್ಲ, ಅವನ ಕೈ ಕಟ್ಟಿದೆ. ನನ್ನನ್ನು ಕೇಳಿದರೆ, ಗೋಡೆಗಳಷ್ಟನ್ನೇ ಉಳಿಸಿ ಒಳಗೆಲ್ಲ ಹೋಟೆಲಾಗಿ ಮಾಡಿದ ಕೋಟೆಗಿಂತ, ಎಣ್ಣೆಯ ಗಾಣ ಇನ್ನೂ ತಿರುಗುತ್ತಿರುವ, ಆಲಿವ್ ಮರಗಳ ಕೆಳಗೆ ಬಲೆ ಹಾಸುವುದನ್ನು ಕಿಟಕಿಯಿಂದಲೇ ನೋಡಬಹುದಾದ ಮನೆಯನ್ನು ಆರಿಸಿಕೊಳ್ಳಿರೆಂದು ಹೇಳಿಯೇನು.

ಬಾಡಿಗೆಗಿದ್ದವರ ಹೆಸರೇ ಮನೆಯ ಕೀರ್ತಿಯಾದದ್ದೂ ಉಂಟು. ಫ್ಲಾರೆನ್ಸಿನ ಕಾಸಾ ಗುಯಿದಿಯಲ್ಲಿ 1847ರಿಂದ ರಾಬರ್ಟ್ ಬ್ರೌನಿಂಗ್, ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಕವಿದಂಪತಿಗಳು ಬಾಡಿಗೆದಾರರಾಗಿಯೇ ಸಂಸಾರ ಹೂಡಿದರು. 1861ರಲ್ಲಿ ಆಕೆ ತೀರಿಕೊಂಡದ್ದೂ ಅಲ್ಲಿಯೇ. ಆ ಕೋಣೆಗಳಲ್ಲಿಯೂ ಇಂದು ಬಾಡಿಗೆ ಕೊಟ್ಟು ತಂಗಬಹುದು.

ಕೊನೆಯದಾಗಿ, ಫ್ಲಾರೆನ್ಸಿನ ನೈಋತ್ಯಕ್ಕೆ ಬೆಟ್ಟದ ಮೇಲಿರುವ ಮೊಂತೆಗುಫೋನಿ ಕೋಟೆಮನೆ. ಪೂರ್ವದಲ್ಲಿ ಅಚ್ಚಾಯುವೋಲಿ ಮನೆತನದ್ದಾಗಿದ್ದ ಅದನ್ನು 1909ರಲ್ಲಿ ಆಂಗ್ಲ ಸಾಹಿತಿಗಳ ಸಿಟ್‌ವೆಲ್ ಮನೆತನವು ಕೊಂಡಿತು. ಯುದ್ಧಕಾಲದಲ್ಲಿ ಉಫ್ಫೀತ್ಸಿ ಸಂಗ್ರಹಾಲಯದ ಅಮೂಲ್ಯ ಚಿತ್ರಗಳನ್ನು ಬಾಂಬಿನ ಭಯದಿಂದ ಹಳ್ಳಿಗಾಡಿಗೆ ಸಾಗಿಸಿದಾಗ ಬೋತ್ತಿಚೆಲ್ಲಿಯ ‘ಪ್ರಿಮಾವೆರಾ’ ಬಂದು ಸೇರಿದ್ದು ಇಲ್ಲಿಗೆ. ಮೂರು ಮೀಟರಿಗೂ ಮಿಕ್ಕ ಅಗಲದ ಆ ಮರದ ಹಲಗೆಯ ಮೇಲೆ ವಸಂತದೇವಿ ಹೂ ಚೆಲ್ಲುತ್ತ ನಡೆದಿದ್ದಾಳೆ. ಹೊರಗೆ ಫಿರಂಗಿ ಗುಡುಗುತ್ತಿತ್ತು. ಮನೆ ಕಳೆದುಕೊಂಡ ಸುತ್ತಿನ ಹಳ್ಳಿಗರೂ ಅದೇ ಮಾಡಿನ ಕೆಳಗೆ ಆಶ್ರಯ ಪಡೆದಿದ್ದರು. 1944ರ ಬೇಸಗೆಯಲ್ಲಿ ಜರ್ಮನರು ಹಿಂದೆ ಸರಿದ ಮೇಲೆ ಆ ಬಾಗಿಲನ್ನು ಪ್ರವೇಶಿಸಿದವರು ಭಾರತೀಯ ಸೈನಿಕರು, 8ನೆಯ ಇಂಡಿಯನ್ ಡಿವಿಷನ್ನಿನವರು. ಚಿತ್ರಗಳಿಗೆ ಕಾವಲು ನಿಂತಿತು. ಆ ಡಿವಿಷನ್ನಿನಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಬೆಟಾಲಿಯನ್ ಒಂದಿತ್ತು. ಆ ದಳದ ತರಬೇತಿ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ.

ಮೊಂತೆಗುಫೋನಿಯ ಕೋಣೆಗಳೂ ಈಗ ಬಾಡಿಗೆಗೆ ದೊರೆಯುತ್ತವೆ. ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಹೋದರೆ, ಬೀಗದ ಕೈ ಕೊಡುವ ಆ ಮನೆಯವರಿಗೆ ನೀವು ಬಂದಿರುವ ನಾಡಿನ ಹೆಸರನ್ನೂ ಬೆಳಗಾವಿಯ ಹೆಸರನ್ನೂ ಹೇಳಿರಿ.